ದೇವರಮನೆ ಇರುವ ಮನೆಯಲ್ಲಿ ಅತಿಥಿಯ ನಮಾಜು

ಪ್ರಶ್ನೆ: ನಮ್ಮದು ಮೂಲ ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದೇವೆ. ತೀರಿಹೋದ ನಮ್ಮ ಮಾವನವರ ಗೆಳೆಯರೊಬ್ಬರು ಊರಲ್ಲಿದ್ದಾರೆ, ಮುಸಲ್ಮಾನರು. ಜಮೀನು ಪಕ್ಕಪಕ್ಕ. ನಮ್ಮನೆಯವರು ಚಿಕ್ಕಂದಿನಿಂದ ಅವರನ್ನ ಮಾಮ ಅಂತಲೇ ಕರೆಯೋದು. ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕು. ಹತ್ತು ದಿನ ನಮ್ಮಲ್ಲೇ ಇರಿ ಅಂತ ಇವರು ಹೇಳಿಬಿಟ್ಟಿದ್ದಾರೆ. ಅವರು ಐದು ಹೊತ್ತಿನ ನಮಾಜು ಒಂದು ದಿನವೂ ತಪ್ಪಿಸಿದವರಲ್ಲ. "ನಿಮ್ಮನೇಲಿ ತೊಂದರೆ ಆಗೋದಾದ್ರೆ ಲಾಡ್ಜಲ್ಲಿ ಇರ್ತೀನಮ್ಮ" ಅಂತ ನನಗೇ ಫೋನ್ ಮಾಡಿದ್ದರು. ಅತ್ತೆಯವರಿಗೆ ಅವರ ಮೇಲೆ ವಿಶ್ವಾಸವಿದೆ, ಆದರೆ ಮಡಿ ಬಿಡುವವರಲ್ಲ. ದೇವರಮನೆ ಇರುವ ಮನೆಯಲ್ಲಿ ನಮಾಜು ನಡೆದರೆ ದೋಷವೇ? ನೈವೇದ್ಯ, ಊಟ ಹೇಗೆ? ಇನ್ನೊಂದು ಮಾತು: ಅವರಿಗೆ ದಿನಕ್ಕೆ ಐದು ಸಲ ಆಗುವುದು, ನಮಗೆ ದಿನಕ್ಕೊಂದು ಸಲ ದೀಪ ಹಚ್ಚಲೂ ಯಾಕೆ ಆಗುತ್ತಿಲ್ಲ?

— ಹೆಸರು ಬೇಡ, ಬೆಂಗಳೂರು

ಉತ್ತರ: ತಾಯಿ, ಮೊದಲು ಅವರಿಗೆ ಫೋನ್ ಮಾಡಿ, ಲಾಡ್ಜಿನ ಮಾತು ಬಿಡಿ ಮಾಮ, ಇಲ್ಲಿಗೇ ಬನ್ನಿ ಅಂತ ಹೇಳಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹಿರಿಯರು ಲಾಡ್ಜಿನಲ್ಲಿ ಒಬ್ಬರೇ ಇರುವುದು ಸರಿಯಲ್ಲ. ಉಳಿದದ್ದನ್ನು ಆಮೇಲೆ ನೋಡೋಣ.

ದೋಷದ ಪ್ರಶ್ನೆ. ನಮ್ಮ ಸಂಪ್ರದಾಯದಲ್ಲಿ ಮನೆಗೆ ಸೂತಕ ಬರುವುದು ಹುಟ್ಟಿನಿಂದ, ಸಾವಿನಿಂದ. ಮತ್ತೊಬ್ಬರು ಅವರ ರೀತಿಯಲ್ಲಿ ದೇವರನ್ನು ನೆನೆದದ್ದರಿಂದ ಅಲ್ಲ. ಹಳೆಯ ಸ್ಮೃತಿಗಳಲ್ಲಿ ಮುಟ್ಟು ಮೈಲಿಗೆಯ ಬಗ್ಗೆ ಕಟ್ಟುನಿಟ್ಟಿನ ಮಾತುಗಳಿವೆ, ಇಲ್ಲ ಎನ್ನುವುದಿಲ್ಲ. ಆದರೆ ಅದನ್ನೇ ಹಿಡಿದು ಹೊರಟರೆ ಬಸ್ಸು, ಹೋಟೆಲು, ಆಫೀಸು ಯಾವುದೂ ನಡೆಯುವುದಿಲ್ಲ. ಅಲ್ಲೆಲ್ಲ ಬಿಟ್ಟದ್ದನ್ನು ಅತಿಥಿ ಬಂದಾಗ ಮಾತ್ರ ಹುಡುಕಿ ತೆಗೆಯುವುದು ನ್ಯಾಯವಲ್ಲ. ಗೃಹಸ್ಥನಿಗೆ ದಿನಾ ಹೇಳಿರುವ ಪಂಚಮಹಾಯಜ್ಞಗಳಲ್ಲಿ ಮನುಷ್ಯಯಜ್ಞ ಒಂದು. ಅದು ಅತಿಥಿಸತ್ಕಾರವೇ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ಅತಿಥಿಯನ್ನು ತಾಯಿ, ತಂದೆ, ಗುರುವಿನ ಸಾಲಿನಲ್ಲೇ ಕೂರಿಸುತ್ತದೆ, ಅವನ ಕುಲ ಯಾವುದು ಎಂದು ಕೇಳುವುದಿಲ್ಲ. ಅಂದರೆ ಆ ಹತ್ತು ದಿನ ನಿಮ್ಮ ಮನೆಯಲ್ಲಿ ಒಂದು ನಿತ್ಯಕರ್ಮ ಹೆಚ್ಚಾಗಿಯೇ ನಡೆಯುತ್ತದೆ.

ಅತ್ತೆಯವರ ಮಡಿಯನ್ನೂ ಹಗುರ ಮಾಡಬೇಡಿ. ದೇವರಮನೆ, ಅಡುಗೆಮನೆ ಅವರು ಇಟ್ಟುಕೊಂಡಂತೆಯೇ ಇರಲಿ. ಹರಿಯಬ್ಬೆಯ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅವರಾಗಿಯೇ ಅತ್ತ ಹೋಗುವುದಿಲ್ಲ. ಆ ಸೀಮೆಯಲ್ಲಿ ಬಾಬಯ್ಯನ ಹಬ್ಬಕ್ಕೆ ಹಿಂದೂಗಳೇ ಮುಂದೆ ನಿಂತು ಕೆಂಡದ ಗುಂಡಿ ತೋಡುವ ಊರುಗಳಿವೆ. ಒಬ್ಬರ ಹದ್ದು ಇನ್ನೊಬ್ಬರಿಗೆ ಗೊತ್ತು. ಆದರೆ ಒಂದು ಮಾತು. ವರ್ಷಕ್ಕೊಮ್ಮೆ ಬರುವ ಆ ಹಬ್ಬ ಬೇರೆ, ಇವರು ದಿನಾ ನಡೆಸುವ ನಮಾಜು ಬೇರೆ. ಐದು ಹೊತ್ತು ತಪ್ಪಿಸದ ಮುಸಲ್ಮಾನರಲ್ಲಿ ಎಷ್ಟೋ ಜನ ಕೆಂಡದ ಗುಂಡಿಯ ಹತ್ತಿರ ಸುಳಿಯುವುದೇ ಇಲ್ಲ. ಹಬ್ಬದಲ್ಲಿ ಕಂಡದ್ದನ್ನೇ ಅವರ ಧರ್ಮ ಅಂತ ತಿಳಿದುಕೊಂಡರೆ ಮಾಮ ಅವರ ದಿನಚರಿ ನಿಮಗೆ ಅರ್ಥವಾಗುವುದಿಲ್ಲ.

ಹಾಗಾದರೆ ಅವರಿಗೆ ಬೇಕಾದದ್ದು ಏನು? ಬಹಳ ಕಡಿಮೆ. ಜಾನಮಾಜ್ ಎನ್ನುವ ಚಾಪೆ ಹಾಸುವಷ್ಟು ಚೊಕ್ಕಟ ಜಾಗ, ನೀರು, ದಿಕ್ಕು. ಮಕ್ಕಾ ಬೆಂಗಳೂರಿಗೆ ಪಶ್ಚಿಮ, ಅದರಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದಂತೆ. ಅವರು ಮಲಗುವ ಕೋಣೆಯಲ್ಲಿ ಆ ಕಡೆಯ ಗೋಡೆ ಖಾಲಿ ಇರಲಿ. ಅಲ್ಲಿ ದೇವರ ಕ್ಯಾಲೆಂಡರೋ ಮನೆಯವರ ಫೋಟೋವೋ ಇದ್ದರೆ ಪಕ್ಕದ ಗೋಡೆಗೆ ಹಾಕಿ. ಇದು ನಿಮ್ಮ ದೇವರಿಗೆ ಅವಮಾನವಲ್ಲ. ಎದುರಿಗೆ ಯಾವ ಚಿತ್ರವೂ ಇರಬಾರದು ಅನ್ನುವುದು ಅವರ ಕಟ್ಟು. ನಮಾಜು ಮಾಡುವಾಗ ಮುಂದೆ ಅಡ್ಡ ಹಾಯಬಾರದು ಅಂತ ಮಕ್ಕಳಿಗೆ ಹೇಳಿಡಿ. ಬಾತ್‌ರೂಮಿನಲ್ಲಿ ಒಂದು ಸ್ಟೂಲು, ಒಂದು ಚೊಂಬು ಇಡಿ. ಪ್ರತಿ ನಮಾಜಿಗೂ ಮುಂಚೆ ವುಜೂ ಇರಬೇಕು: ಮುಖ ತೊಳೆದು, ಮೊಣಕೈವರೆಗೆ ಕೈ ತೊಳೆದು, ಒದ್ದೆ ಕೈಯಿಂದ ತಲೆ ಸವರಿ, ಕಾಲು ತೊಳೆಯುವುದು. ವಯಸ್ಸಾದವರು ಜಾರುವ ನೆಲದ ಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು ಬೇಡ.

ಆಪರೇಷನ್ ಆದ ಮೇಲೆ ಕಷ್ಟ ಇರುವುದು ಇಲ್ಲೇ. ಪೊರೆ ತೆಗೆದ ಕಣ್ಣಿಗೆ ಕೆಲವು ದಿನ ನೀರು ಸೋಕಿಸಬೇಡಿ, ತಲೆ ಬಗ್ಗಿಸಬೇಡಿ ಅಂತ ಸಾಮಾನ್ಯವಾಗಿ ಡಾಕ್ಟರು ಹೇಳುತ್ತಾರೆ. ವುಜೂಗೆ ಮುಖ ತೊಳೆಯಬೇಕು, ಸಜ್ದಾಗೆ ಹಣೆ ನೆಲಕ್ಕೆ ತಾಕಬೇಕು. ನಿಷ್ಠೆ ಇರುವವರು "ಏನೂ ಆಗಲ್ಲ ಬಿಡಮ್ಮ" ಅಂತ ಬಗ್ಗಿಬಿಡುವ ಅಪಾಯವಿದೆ. ಇದಕ್ಕೆ ಅವರ ಧರ್ಮದಲ್ಲೇ ದಾರಿ ಇದೆ. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿ ನಮಾಜು ಮಾಡಬಹುದು. ಬಗ್ಗಲಾಗದವರು ಕುರ್ಚಿಯಲ್ಲಿ ಕೂತು ತಲೆಯ ಸನ್ನೆಯಲ್ಲೇ ಸಜ್ದಾ ಮಾಡಬಹುದು. ಗಾಯದ ಜಾಗ ಬಿಟ್ಟು ಉಳಿದದ್ದನ್ನು ತೊಳೆದು, ಪಟ್ಟಿಯ ಮೇಲೆ ಒದ್ದೆ ಕೈ ಸವರಬಹುದು. ನೀರು ಮುಟ್ಟುವುದೇ ಹಾನಿ ಎಂದಾದರೆ ಶುದ್ಧ ಮಣ್ಣು ಅಥವಾ ಕಲ್ಲನ್ನು ಕೈಯಿಂದ ಮುಟ್ಟಿ ಮುಖ, ಕೈ ಸವರಿಕೊಳ್ಳುವ ತಯಮ್ಮುಮ್ ಇದೆ. ಇದರಲ್ಲಿ ಯಾವುದು ಅಂತ ನೀವು ಹೇಳಲು ಹೋಗಬೇಡಿ, ನಾನೂ ಹೇಳುವುದಿಲ್ಲ. ಡಾಕ್ಟರು ಹೇಳಿದ್ದನ್ನು ಊರಿನ ಮಸೀದಿಯ ಮೌಲ್ವಿಗಳಿಗೆ ಫೋನಿನಲ್ಲಿ ಅವರೇ ತಿಳಿಸಿ ಕೇಳಿಕೊಳ್ಳಲಿ. ಆಪರೇಷನ್ನಿಗೆ ಹಿಂದಿನ ದಿನವೇ ಕೇಳಿಸಿ. ತಲೆದಿಂಬಿನ ಹತ್ತಿರ ಒಂದು ಕುರ್ಚಿ ಹಾಕಿಡಿ.

ಪ್ರಯಾಣದ ವಿನಾಯಿತಿಯೂ ಅವರಿಗಿದೆ. ದಿನದ ಐದು ನಮಾಜಿನಲ್ಲಿ ಕಡ್ಡಾಯದ ರಕಾತ್‌ಗಳು 17: ಬೆಳಗಿನ ಜಾವದ ಫಜ್ರ್ 2, ಮಧ್ಯಾಹ್ನದ ಜುಹರ್ 4, ಇಳಿಹೊತ್ತಿನ ಅಸರ್ 4, ಸೂರ್ಯ ಮುಳುಗಿದೊಡನೆ ಮಗ್ರಿಬ್ 3, ರಾತ್ರಿಯ ಇಶಾ 4. ನಮ್ಮ ಬಯಲುಸೀಮೆಯ ಮುಸಲ್ಮಾನರು ಹೆಚ್ಚಾಗಿ ಹನಫಿ ಪದ್ಧತಿಯವರು. ಆ ಪದ್ಧತಿಯಲ್ಲಿ ಊರು ಬಿಟ್ಟು ಸುಮಾರು 78 ಕಿಲೋಮೀಟರ್ ದಾಟಿದವನು ಹೋದ ಕಡೆ 15 ದಿನಕ್ಕಿಂತ ಕಡಿಮೆ ಇರುವ ಸಂಕಲ್ಪ ಮಾಡಿದ್ದರೆ ನಾಲ್ಕರ ನಮಾಜನ್ನು ಎರಡಾಗಿ ಮಾಡುತ್ತಾನೆ. ಆಗ 17 ಹೋಗಿ 11 ಆಗುತ್ತದೆ. ಶುಕ್ರವಾರದ ಜುಮಾಕ್ಕೂ ಪ್ರಯಾಣಿಕರಿಗೆ, ಕಾಯಿಲೆಯವರಿಗೆ ಕಡ್ಡಾಯವಿಲ್ಲ. ಹಾಗಾಗಿ ಮಸೀದಿಗೆ ಹೇಗೆ ಕರೆದುಕೊಂಡು ಹೋಗುವುದು ಎಂಬ ಚಿಂತೆ ಬೇಡ.

ಊಟಕ್ಕೆ ಬರೋಣ. ನಿಮ್ಮದು ಸಸ್ಯಾಹಾರವಾದ್ದರಿಂದ ಮಾಂಸದ ತೊಡಕಿಲ್ಲ. ನೈವೇದ್ಯ ಮಾತ್ರ ನೋಡಬೇಕು. ಬೇರೆ ದೇವರಿಗೆ ಅರ್ಪಿಸಿದ್ದನ್ನು ನಿಷ್ಠೆಯ ಮುಸಲ್ಮಾನರು ತಿನ್ನುವುದಿಲ್ಲ. ನಾವು ನೈವೇದ್ಯವಾದ ಅನ್ನವನ್ನು ಮತ್ತೆ ಪಾತ್ರೆಗೆ ಬೆರೆಸುತ್ತೇವಲ್ಲ, ಆ ಹತ್ತು ದಿನ ಬೆರೆಸಬೇಡಿ. ಬೇರೆ ಬಟ್ಟಲಲ್ಲಿ ತೆಗೆದು ನೈವೇದ್ಯ ಮಾಡಿ, ಪ್ರಸಾದ ನೀವು ತಗೊಳ್ಳಿ, ಅವರಿಗೆ ಪಾತ್ರೆಯಿಂದ ಬಡಿಸಿ. ಪ್ರಸಾದ ಕೊಡಲೇಬೇಕು ಅನ್ನುವ ಹಟ ಬೇಡ. ಅವರು ಬೇಡವೆಂದರೆ ಅದು ನಿಮ್ಮ ದೇವರನ್ನು ಬೇಡವೆಂದಂತಲ್ಲ. ಕೆಲವರು ಕೈ ನೀಡಿ ತಗೊಳ್ಳುವುದೂ ಉಂಟು. ಅದು ಅವರ ಇಷ್ಟ.

ಸಂಜೆ ಒಂದು ಹೊತ್ತು ಇಬ್ಬರದೂ ಕೂಡುತ್ತದೆ. ನೀವು ದೀಪ ಹಚ್ಚುವ ಹೊತ್ತೇ ಅವರ ಮಗ್ರಿಬ್. ಅದರ ಅವಧಿ ಚಿಕ್ಕದು, ಬೆಂಗಳೂರಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಮುಂದೂಡು ಅನ್ನುವಂತಿಲ್ಲ. ನೀವು ಸದ್ದಿಲ್ಲದೆ ದೀಪ ಹಚ್ಚಿ, ಹತ್ತು ನಿಮಿಷ ಬಿಟ್ಟು ಗಂಟೆ, ಮಂಗಳಾರತಿ ಮಾಡಿ. ಅವರಿಗಾಗಿ ಪೂಜೆ ನಿಲ್ಲಿಸುವುದು ಮಾತ್ರ ಬೇಡ. ತಮ್ಮಿಂದ ಈ ಮನೆಯ ಪೂಜೆ ನಿಂತಿತು ಅಂತ ಗೊತ್ತಾದರೆ ಅವರು ಅವತ್ತೇ ಬ್ಯಾಗು ಹಿಡಿದು ಹೊರಡುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆ ಈ ಪತ್ರದ ಜೀವ ಅಂತ ನನಗನ್ನಿಸಿತು. ಅವರಿಗೆ ಹೇಗೆ ಆಗುತ್ತೆ? ಮೇಲೆ ಹೇಳಿದ್ದನ್ನೇ ಮತ್ತೆ ನೋಡಿ. ಒಂದು ಹೊತ್ತಿನ ಕಡ್ಡಾಯ ನಮಾಜಿಗೆ ಐದರಿಂದ ಹತ್ತು ನಿಮಿಷ ಸಾಕು. ಹೊತ್ತು ಸೂರ್ಯನಿಗೆ ಕಟ್ಟಿದ್ದು, ಮನಸ್ಸು ಬಂದಾಗ ಅಂತಲ್ಲ. ಕಾಯಿಲೆ, ಪ್ರಯಾಣ ಬಂದರೆ ನಮಾಜು ಚಿಕ್ಕದಾಗುತ್ತದೆ, ಇಲ್ಲವಾಗುವುದಿಲ್ಲ. ನಿದ್ದೆಯಲ್ಲೋ ಮರೆವಿನಲ್ಲೋ ಹೊತ್ತು ತಪ್ಪಿದರೆ ಕಜಾ ಅಂತ ಆಮೇಲೆ ಸಲ್ಲಿಸುತ್ತಾರೆ. ಒಂದು ತಪ್ಪಿತು ಅಂತ ಉಳಿದ ನಾಲ್ಕನ್ನು ಬಿಡುವುದಿಲ್ಲ. ಕಡಿಮೆಯಾದರೂ ದಿನವೂ ನಡೆಯುವ ಕೆಲಸವೇ ದೇವರಿಗೆ ಹೆಚ್ಚು ಇಷ್ಟ ಅನ್ನುವ ಅರ್ಥದ ಪ್ರವಾದಿಯವರ ಮಾತು ಹದೀಸುಗಳಲ್ಲಿದೆ.

ನಮ್ಮಲ್ಲೂ ಇದೆಲ್ಲ ಇತ್ತು ತಾಯಿ, ನಾವು ಬಳಸುವುದನ್ನು ಬಿಟ್ಟೆವು. ಸಂಧ್ಯಾವಂದನೆಗೆ ಹೊತ್ತು ಮೀರಿದರೆ ಪ್ರಾಯಶ್ಚಿತ್ತಾರ್ಘ್ಯ ಒಂದು ಹೆಚ್ಚಿಗೆ ಕೊಟ್ಟು ಮುಂದುವರಿಸಬೇಕು. ಷೋಡಶೋಪಚಾರ ಆಗದಿದ್ದರೆ ಗಂಧ, ಹೂವು, ಧೂಪ, ದೀಪ, ನೈವೇದ್ಯದ ಪಂಚೋಪಚಾರ. ಅದೂ ಆಗದಿದ್ದರೆ ಮಾನಸಪೂಜೆ. ಇಷ್ಟಲಿಂಗ ಧರಿಸಿದವರಿಗೆ ಅಂಗೈಯೇ ಪೀಠ, ದೇವರಮನೆಯೂ ಬೇಡ. ಆದರೆ ನಾವು ಶುಕ್ರವಾರ ಎರಡು ಗಂಟೆ ಪೂಜೆ ಮಾಡುತ್ತೇವೆ, ಶನಿವಾರದಿಂದ ಗುರುವಾರದವರೆಗೆ ಬಾಗಿಲು ಹಾಕುತ್ತೇವೆ. "ಸ್ನಾನ ಆಗಿಲ್ಲ, ಹೂವಿಲ್ಲ, ಸರಿಯಾಗಿ ಮಾಡೋಕಾಗಲ್ಲ, ಇವತ್ತು ಬೇಡ" ಅನ್ನುತ್ತೇವೆ. ಸರಿಯಾಗಿ ಮಾಡಬೇಕು ಅನ್ನುವ ಈ ನೆಪದಲ್ಲೇ ಎಷ್ಟೋ ಮನೆಗಳಲ್ಲಿ ದೀಪ ಆರಿದೆ. ನೀವು ಸಂಜೆಯ ದೀಪ ಒಂದನ್ನೇ ಹಿಡಿಯಿರಿ. ಸೂರ್ಯ ಮುಳುಗುವ ಹೊತ್ತು, ಕೈಕಾಲು ಮುಖ ತೊಳೆದು, ಒಂದು ಬತ್ತಿ, ಒಂದು ನಮಸ್ಕಾರ. ಮೂರು ನಿಮಿಷ. ನೀವು ಆಫೀಸಿನಲ್ಲಿದ್ದ ದಿನ ಅತ್ತೆಯವರೋ ಮಕ್ಕಳೋ ಹಚ್ಚಲಿ, ಯಾರೂ ಇಲ್ಲದಿದ್ದರೆ ಇದ್ದಲ್ಲೇ ಕಣ್ಣು ಮುಚ್ಚಿ. ಮಾಮ ಮನೆಯಲ್ಲಿರುವ ಹತ್ತು ದಿನ ಶುರುಮಾಡಲು ಒಳ್ಳೆಯದು: ಅವರು ವುಜೂಗೆ ಎದ್ದರೆ ನಿಮಗೂ ಹೊತ್ತಾಯಿತು ಅಂತ ಲೆಕ್ಕ.

ಅವರು ಊರಿಗೆ ಹೊರಡುವಾಗ ವೀಳ್ಯದೆಲೆ, ಅಡಿಕೆ, ಹಣ್ಣು, ಒಂದು ಶಾಲು ಕೊಡಿ. ಅಡ್ಡಿಯಿಲ್ಲ. ಕುಂಕುಮ ಬೇಡ; ತೆಂಗಿನಕಾಯಿ ಕೊಟ್ಟರೆ ದೇವರ ಮುಂದೆ ಇಡದ್ದನ್ನು ಕೊಡಿ. ಹಿರಿಯರೆಂದು ನೀವು ಕಾಲಿಗೆ ಬಗ್ಗಿದರೆ ಅವರು ಹಿಂದೆ ಸರಿದು ತಡೆದಾರು. ತಲೆಬಾಗುವುದು ದೇವರೊಬ್ಬನಿಗೇ ಅನ್ನುವುದು ಅವರ ನಂಬಿಕೆ. ಬೇಜಾರು ಮಾಡಿಕೊಳ್ಳಬೇಡಿ, ನಿಂತಲ್ಲೇ ಕೈಮುಗಿಯಿರಿ. ಎರಡನೇ ಕಣ್ಣಿನ ಆಪರೇಷನ್ನಿಗೆ ಯಾವಾಗ ಬರುತ್ತೀರಿ ಅಂತ ಆಗಲೇ ಕೇಳಿಬಿಡಿ.