ಹಳೆಯ ಯೆಜ್ಡಿಗೆ ಹೊಸ ಜೋರು: ಮೊದಲು ಏನು ಬದಲಿಸಬೇಕು?



ಒಂಬತ್ತನೇ ಇಯತ್ತೆಯಲ್ಲಿ ಕಾರ್ಯ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತು ಬರುತ್ತವೆ. ಸೂತ್ರಗಳು ನಿಮಗೆ ಬಾಯಿಪಾಠ ಇರಬಹುದು. ಈ ಸಲ ಆ ಸೂತ್ರಗಳನ್ನು ಗ್ಯಾರೇಜಿಗೆ ಒಯ್ಯೋಣ.

ಬೇಡಗ, ಆರಗ, ಮಹಿಷಾಳದ ಕಡೆ ಯಾವುದಾದರೂ ಮನೆಯ ಪತ್ರಾಸ ಶೆಡ್ಡಿನಲ್ಲಿ ಅಜ್ಜನ ಕಾಲದ ಯೆಜ್ಡಿ ನಿಂತಿದೆ ಎಂದು ಇಟ್ಟುಕೊಳ್ಳಿ. ಆ ಮನೆಯ ಅಣ್ಣ ಅದನ್ನು ಹೊರಗೆ ತೆಗೆದು, ತೊಳೆದು, ಕಿಕ್ ಹೊಡೆದು ಚಾಲು ಮಾಡಿದ್ದಾನೆ. ಗಾಡಿ ಓಡುತ್ತದೆ, ಆದರೆ ಪಿಕಪ್ ಇಲ್ಲ. ಅವನ ಕೈಯಲ್ಲಿ ಹತ್ತು ಸಾವಿರ ರೂಪಾಯಿ ಇದೆ. ಗೆಳೆಯರ ಸಲಹೆ ಒಂದೇ: "ಪುಂಗಳಿ ತಗಿಸಿಬಿಡು, ಗಾಡಿ ಹೆಂಗ ಓಡತೈತಿ ನೋಡು!" ಅಣ್ಣ ಏನು ಮಾಡಬೇಕು? ಉತ್ತರ ನಿಮ್ಮ ವಿಜ್ಞಾನದ ವಹಿಯಲ್ಲೇ ಇದೆ.

ಗಾಡಿಯ ಪರಿಚಯ

ಜಾವಾ ಮೂಲತಃ ಚೆಕ್ ದೇಶದ ಗಾಡಿ. 1960ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ಶುರುವಾಯಿತು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ಇದು ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿನ ಎಂಜಿನ್. ಸಿಲಿಂಡರಿನ ವ್ಯಾಸ 6.5 ಸೆಂ.ಮೀ., ಪಿಸ್ಟನ್ ಮೇಲೆ ಕೆಳಗೆ ಹೋಗುವ ದೂರ 7.5 ಸೆಂ.ಮೀ. ವೃತ್ತಚಿತಿಯ ಘನಫಲದ ಸೂತ್ರ ಹಾಕಿ ನೋಡಿ: ಸುಮಾರು 249 ಘನ ಸೆಂ.ಮೀ. ಬರುತ್ತದೆ. ಇದನ್ನೇ ಜನ "250 ಸಿಸಿ" ಅನ್ನುವುದು. ರೋಡ್‌ಕಿಂಗ್ ಮಾದರಿಯ ಗರಿಷ್ಠ ಸಾಮರ್ಥ್ಯ ಸುಮಾರು 16 ಅಶ್ವಶಕ್ತಿ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಅಂದರೆ ಸುಮಾರು 12,000 ವ್ಯಾಟ್. ಎರಡೂ ಗಾಲಿಗೆ ಡ್ರಮ್ ಬ್ರೇಕ್. ಈ ಕೊನೆಯ ಮಾತು ನೆನಪಿರಲಿ.

ಎರಡು ಅಶ್ವಶಕ್ತಿ ಹೆಚ್ಚಿಸಿದರೆ ಎಷ್ಟು ಸಿಗುತ್ತದೆ?

ಅಣ್ಣ ಖರ್ಚು ಮಾಡಿ 16ನ್ನು 18 ಮಾಡಿದ ಎನ್ನೋಣ. ಗಾಡಿ ಎಷ್ಟು ಹೆಚ್ಚು ಓಡೀತು?

ಜೋರಾಗಿ ಹೋಗುವಾಗ ಗಾಡಿಯನ್ನು ಮುಖ್ಯವಾಗಿ ತಡೆಯುವುದು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಸಾಮರ್ಥ್ಯ ಎಂದರೆ ಬಲ ಗುಣಿಲೆ ವೇಗ. ಹಾಗಾಗಿ ಎರಡು ಪಟ್ಟು ವೇಗಕ್ಕೆ ಬೇಕಾಗುವ ಸಾಮರ್ಥ್ಯ ಎಂಟು ಪಟ್ಟು. ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ, ಸಾಮರ್ಥ್ಯ ನೂರಕ್ಕೆ ಹನ್ನೆರಡೂವರೆ ಹೆಚ್ಚಾದಾಗ ಗರಿಷ್ಠ ವೇಗ ಹೆಚ್ಚುವುದು ನೂರಕ್ಕೆ ನಾಲ್ಕು ಮಾತ್ರ. ಗಂಟೆಗೆ 100 ಕಿ.ಮೀ. ಹೋಗುವ ಗಾಡಿ 104 ಹೋಗುತ್ತದೆ. ಅಷ್ಟೇ!

ನಮ್ಮ ಹಳ್ಳಿ ರಸ್ತೆಯಲ್ಲಿ ಆ ನಾಲ್ಕು ಕಿ.ಮೀ. ಯಾರಿಗೂ ಉಪಯೋಗವಿಲ್ಲ. ಅಣ್ಣನಿಗೆ ಬೇಕಾದದ್ದು ಪಿಕಪ್, ಅಂದರೆ ನಿಂತಲ್ಲಿಂದ ಹೊರಡುವಾಗ, ದಿಬ್ಬ ಏರುವಾಗ ಸಿಗುವ ಎಳೆತ. ಅದಕ್ಕೆ ದಾರಿ ಬೇರೆ ಇದೆ.

ಸದ್ದು ಎಂದರೆ ಸಾಮರ್ಥ್ಯ ಅಲ್ಲ

ಗೆಳೆಯರ ಸಲಹೆಯನ್ನು ಮೊದಲು ಪರೀಕ್ಷಿಸೋಣ. ಪುಂಗಳಿ ತೆಗೆಸಿದ ಗಾಡಿಯಿಂದ 1 ಮೀಟರ್ ದೂರದಲ್ಲಿ 110 ಡೆಸಿಬೆಲ್ ಸದ್ದು ಇದೆ ಎಂದು ಹಿಡಿಯಿರಿ. ಕಿವಿ ಮುಚ್ಚಿಕೊಳ್ಳಬೇಕಾದಷ್ಟು ಸದ್ದು ಅದು. 110 ಡೆಸಿಬೆಲ್ ಎಂದರೆ ಒಂದು ಚದರ ಮೀಟರಿಗೆ 0.1 ವ್ಯಾಟ್. 1 ಮೀಟರ್ ತ್ರಿಜ್ಯದ ಅರ್ಧಗೋಲದ ಮೇಲ್ಮೈ 6.28 ಚದರ ಮೀಟರ್. ಗುಣಿಸಿದರೆ ಒಟ್ಟು 0.63 ವ್ಯಾಟ್! 12,000 ವ್ಯಾಟಿನ ಎಂಜಿನ್ ಊರನ್ನೆಲ್ಲ ಎಬ್ಬಿಸಲು ಬಳಸುವುದು ಒಂದು ವ್ಯಾಟಿಗಿಂತ ಕಡಿಮೆ. ನಮ್ಮ ಕಿವಿ ಬಹಳ ಸೂಕ್ಷ್ಮ, ಅದಕ್ಕೇ ಮೋಸ ಹೋಗುತ್ತದೆ. ಸದ್ದು ದೊಡ್ಡದಾದರೆ ಗಾಡಿಯೂ ಜೋರಾಯಿತು ಎಂದು ಅನಿಸುತ್ತದೆ.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಇನ್ನೊಂದು ಹಾನಿಯೂ ಇದೆ. ಇದರಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲ್-ಗಾಳಿ ಮಿಶ್ರಣ ಒಳಗೆ ಬರುತ್ತದೆ. ಸ್ವಲ್ಪ ಹೊಸ ಮಿಶ್ರಣ ಹೊಗೆಯ ಹಿಂದೆಯೇ ಹೊರಗೆ ಜಾರಿಬಿಡುತ್ತದೆ. ಸೈಲೆನ್ಸರಿನ ಉದ್ದ ಮತ್ತು ಆಕಾರ ಸರಿ ಇದ್ದರೆ, ಒಳಗೆ ಹೊಡೆದು ತಿರುಗಿ ಬರುವ ಒತ್ತಡದ ಅಲೆ ಆ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಒಳಗಿನ ಭಾಗ ಕಿತ್ತು ಹಾಕಿದರೆ ಈ ಹೊಂದಾಣಿಕೆ ಕೆಡುತ್ತದೆ. ಪೆಟ್ರೋಲ್ ಪೋಲಾಗುತ್ತದೆ, ಕಡಿಮೆ ವೇಗದಲ್ಲಿ ಎಳೆತ ಇನ್ನೂ ಕಡಿಮೆ ಆಗಬಹುದು. ಅಂದರೆ ಅಣ್ಣ ರೊಕ್ಕ ಕೊಟ್ಟು ಪಿಕಪ್ ಕಳೆದುಕೊಂಡಂತೆ.

ಕಾನೂನೂ ಒಪ್ಪುವುದಿಲ್ಲ. ನೋಂದಣಿ ಪುಸ್ತಕದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ.

ಕಳೆದುಹೋದ ಸಾಮರ್ಥ್ಯ ಎಲ್ಲಿದೆ?

ಕಾರ್ಖಾನೆಯಿಂದ ಹೊರಬಂದಾಗ ಗಾಡಿಗೆ 16 ಅಶ್ವಶಕ್ತಿ ಇತ್ತು. ಮೂವತ್ತು ನಲವತ್ತು ವರ್ಷದ ನಂತರ ಅಷ್ಟೇ ಉಳಿದಿರುತ್ತದೆಯೇ? ಇಲ್ಲ. ಹೊಸದನ್ನು ಕೊಳ್ಳುವ ಮೊದಲು ಹಳೆಯದು ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು.

ಪಿಸ್ಟನ್ ರಿಂಗ್ ಸವೆದರೆ ಒತ್ತಡ ಬದಿಯಿಂದ ಸೋರುತ್ತದೆ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವುದರಿಂದ ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿ ಹೊಗೆಯ ದಾರಿ ಚಿಕ್ಕದಾಗುತ್ತದೆ. ಕಾರ್ಬೊರೇಟರಿನ ಸಣ್ಣ ತೂತುಗಳಲ್ಲಿ ಕಸ ಕೂಡುತ್ತದೆ. ಪಾಯಿಂಟ್ ಸವೆದರೆ ಪ್ಲಗ್ಗಿನ ಕಿಡಿ ತಪ್ಪಾದ ಹೊತ್ತಿಗೆ ಬೀಳುತ್ತದೆ. ಚೈನು ಒಣಗಿ ತುಕ್ಕು ಹಿಡಿದರೆ ಘರ್ಷಣೆಯೇ ಒಂದು ಪಾಲು ತಿನ್ನುತ್ತದೆ. ಇವನ್ನೆಲ್ಲ ಸರಿ ಮಾಡಿಸುವುದಕ್ಕೆ ಯಾರೂ "ಮಾಡಿಫೈ" ಎನ್ನುವುದಿಲ್ಲ. ಆದರೆ ಪಿಕಪ್ಪಿನ ವ್ಯತ್ಯಾಸ ಇದರಲ್ಲೇ ಎಲ್ಲಕ್ಕಿಂತ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ. ಪೆಟ್ರೋಲ್ ಪೂರ್ತಿ ಉರಿಯಲು 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಕೆಲವರು ಏರ್ ಫಿಲ್ಟರ್ ಬಿಚ್ಚಿ, "ಗಾಳಿ ಚೊಲೋ ಹೋಗತೈತಿ" ಎನ್ನುತ್ತಾರೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಇದ್ದರೆ ಎಂಜಿನ್ ಮಿತಿ ಮೀರಿ ಕಾಯುತ್ತದೆ. ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ ಆದ್ದರಿಂದ ಪಿಸ್ಟನ್ ಸಿಲಿಂಡರಿಗೆ ಹಿಡಿದುಬಿಡುತ್ತದೆ. ಜೊತೆಗೆ ಧೂಳು ಒಳಗೆ ಹೋಗಿ ರಿಂಗ್ ಸವೆಸುತ್ತದೆ. ಒಂದು ಭಾಗ ಬದಲಿಸಿದರೆ ಅದಕ್ಕೆ ಹೊಂದುವ ಇನ್ನೊಂದನ್ನೂ ನೋಡಬೇಕು ಎಂಬುದಕ್ಕೆ ಇದು ಉದಾಹರಣೆ.

ಎಲ್ಲಕ್ಕಿಂತ ದೊಡ್ಡ ಲೆಕ್ಕ: ನಿಲ್ಲುವುದು

ಗಾಡಿ 140 ಕೆ.ಜಿ., ಸವಾರ 60 ಕೆ.ಜಿ., ಒಟ್ಟು 200 ಕೆ.ಜಿ. ಇರಲಿ. ಬ್ರೇಕ್ ಹಿಡಿದಾಗ ತಡೆಯುವ ಬಲ 1,000 ನ್ಯೂಟನ್ ಇರಲಿ. ಗಾಡಿಯ ಚಲನಶಕ್ತಿ ½mv². ಅದು ಪೂರ್ತಿ ಇಲ್ಲವಾಗಬೇಕಾದರೆ ಬ್ರೇಕು ಅಷ್ಟೇ ಕಾರ್ಯ ಮಾಡಬೇಕು. ಕಾರ್ಯ ಎಂದರೆ ಬಲ ಗುಣಿಲೆ ದೂರ. ಕಣ್ಣು ಕಂಡು ಕೈ ಬ್ರೇಕ್ ಒತ್ತುವುದಕ್ಕೆ 1 ಸೆಕೆಂಡ್ ಹಿಡಿಯೋಣ.

- ಗಂಟೆಗೆ 54 ಕಿ.ಮೀ. (ಸೆಕೆಂಡಿಗೆ 15 ಮೀ.): ಚಲನಶಕ್ತಿ 22,500 ಜೂಲ್. ಬ್ರೇಕಿನ ದೂರ 22.5 ಮೀ. ಮೊದಲ ಸೆಕೆಂಡಿನ 15 ಮೀ. ಕೂಡಿಸಿದರೆ 37.5 ಮೀ.
- ಗಂಟೆಗೆ 72 ಕಿ.ಮೀ. (ಸೆಕೆಂಡಿಗೆ 20 ಮೀ.): ಚಲನಶಕ್ತಿ 40,000 ಜೂಲ್. ಬ್ರೇಕಿನ ದೂರ 40 ಮೀ. ಒಟ್ಟು 60 ಮೀ.

ಈಗ ಕಬ್ಬಿನ ಹಂಗಾಮಿನ ಒಂದು ರಾತ್ರಿ ನೆನೆಸಿಕೊಳ್ಳಿ. ಮುಂದೆ ಕಬ್ಬು ತುಂಬಿದ ಟ್ರಾಲಿ ರಸ್ತೆಯಲ್ಲಿ ನಿಂತಿದೆ. ಹಿಂದೆ ಕೆಂಪು ದೀಪವಿಲ್ಲ. ಹಳೆಯ ಗಾಡಿಯ ಮಂದ ಹೆಡ್‌ಲೈಟಿಗೆ ಅದು ಕಾಣುವುದು 40 ಮೀಟರ್ ದೂರದಲ್ಲಿ. 54ರ ವೇಗದಲ್ಲಿದ್ದವನು ಟ್ರಾಲಿಗೆ ಎರಡೂವರೆ ಮೀಟರ್ ಮೊದಲು ನಿಲ್ಲುತ್ತಾನೆ. 72ರ ವೇಗದಲ್ಲಿದ್ದವನಿಗೆ ಮೊದಲ ಸೆಕೆಂಡಿನಲ್ಲೇ 20 ಮೀಟರ್ ಹೋಯಿತು. ಉಳಿದ 20 ಮೀಟರಿನಲ್ಲಿ ಬ್ರೇಕು ಕಳೆಯಬಲ್ಲದ್ದು 20,000 ಜೂಲ್, ಅಂದರೆ ಅರ್ಧ ಶಕ್ತಿ ಮಾತ್ರ. ಟ್ರಾಲಿಗೆ ಬಡಿಯುವಾಗಲೂ ಅವನ ವೇಗ ಗಂಟೆಗೆ 51 ಕಿ.ಮೀ.!

ಮತ್ತೊಮ್ಮೆ ಓದಿ. ಇಬ್ಬರ ವೇಗದ ವ್ಯತ್ಯಾಸ 18 ಕಿ.ಮೀ. ಒಬ್ಬ ಮನೆಗೆ ಬಂದು ಊಟ ಮಾಡುತ್ತಾನೆ. ಇನ್ನೊಬ್ಬನ ಮಾತು ಹೇಳುವುದೇ ಬೇಡ.

ಅದಕ್ಕೇ ಮೊದಲ ರೊಕ್ಕ ಹೋಗಬೇಕಾದದ್ದು ಬ್ರೇಕಿಗೆ, ಟೈರಿಗೆ, ದೀಪಕ್ಕೆ. ಬ್ರೇಕ್ ಶೂ ಹೊಸದು ಹಾಕಿಸಬೇಕು, ಡ್ರಮ್ ಒಳಗೆ ಸವೆದಿದೆಯೋ ನೋಡಿಸಬೇಕು, ಕೇಬಲ್ ಹಗುರಾಗಿ ಓಡಬೇಕು. ಎರಡು ಸ್ಟ್ರೋಕಿನ ಗಾಡಿಯಲ್ಲಿ ಎಕ್ಸಲೇಟರ್ ಬಿಟ್ಟಾಗ ಎಂಜಿನ್ ತಾನಾಗಿ ತಡೆಯುವುದೂ ಕಡಿಮೆ, ಎಲ್ಲ ಭಾರ ಬ್ರೇಕಿನ ಮೇಲೆಯೇ. ಹಳೆಯ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಹಿಡಿತ ಅರ್ಧವಾದರೆ ಮೇಲಿನ 40 ಮೀಟರ್ ನೇರ 80 ಆಗುತ್ತದೆ.

ದೀಪದ ಮಾತೂ ಭೌತಶಾಸ್ತ್ರವೇ. ಹಳೆಯ ಜಾವಾಗಳಲ್ಲಿ 6 ವೋಲ್ಟಿನ ವ್ಯವಸ್ಥೆ ಇತ್ತು. 36 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ 6 ಆಂಪಿಯರ್ ಬೇಕು, 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕು. ವಿದ್ಯುತ್ ಪ್ರವಾಹ ಅರ್ಧವಾದರೆ ಅದೇ ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ನಾಲ್ಕನೇ ಒಂದು ಪಾಲು. ಹಾಗಾಗಿಯೇ ತಿಳಿದ ಮಿಸ್ತ್ರಿಗಳು ಕಾಯಿಲ್, ಬ್ಯಾಟರಿ, ಬಲ್ಬು, ಹಾರ್ನ್ ಎಲ್ಲ ಕೂಡಿಸಿ 12 ವೋಲ್ಟಿಗೆ ಬದಲಿಸುತ್ತಾರೆ. ಬಲ್ಬು ಒಂದನ್ನೇ ಬದಲಿಸಿದರೆ ಆಗದು.

ಜೋರಿನ ಆಸೆ ನಮ್ಮೂರಿನದಷ್ಟೇ ಅಲ್ಲ. 1964ರಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ ಸುಮಾರು 6.4 ಲೀಟರಿನ ದೊಡ್ಡ ಎಂಜಿನ್ ಕೂಡಿಸಿ ಜಿಟಿಓ ಎಂದು ಮಾರಿತು. ಸಾಮರ್ಥ್ಯ 325 ಅಶ್ವಶಕ್ತಿ. ಇಂಥ ಕಾರುಗಳಿಗೆ "ಮಸಲ್ ಕಾರ್" ಎಂದು ಹೆಸರು. ಆದರೆ ನಾಲ್ಕೂ ಗಾಲಿಗೆ ಇದ್ದದ್ದು ಡ್ರಮ್ ಬ್ರೇಕ್! ಈಗ ಅಂಥ ಕಾರನ್ನು ದಿನವೂ ರಸ್ತೆಗೆ ತರುವವರಲ್ಲಿ ಎಷ್ಟೋ ಜನ ಡಿಸ್ಕ್ ಬ್ರೇಕ್ ಹಾಕಿಸುತ್ತಾರೆ. ಗಾಡಿ ಯಾವುದಾದರೂ ½mv² ಒಂದೇ.

ಪಿಕಪ್ಪಿಗೆ ನಿಜವಾದ ಸಣ್ಣ ಬದಲಾವಣೆ

ಎಲ್ಲ ಸರಿಯಾದ ಮೇಲೆಯೂ ಎಳೆತ ಬೇಕಾದರೆ ಸ್ಪ್ರಾಕೆಟ್ ನೋಡಬೇಕು. ಉದಾಹರಣೆಗೆ, ಮುಂದಿನ ಸ್ಪ್ರಾಕೆಟ್ಟಿಗೆ 16 ಹಲ್ಲು, ಹಿಂದಿನದಕ್ಕೆ 48 ಇದ್ದರೆ ಪ್ರಮಾಣ 3. ಮುಂದೆ 15 ಹಲ್ಲಿನದು ಹಾಕಿದರೆ 3.2. ಹಿಂದಿನ ಗಾಲಿಗೆ ಸಿಗುವ ತಿರುಗಿಸುವ ಬಲ ನೂರಕ್ಕೆ ಆರೇಳು ಹೆಚ್ಚುತ್ತದೆ. ದಿಬ್ಬದಲ್ಲಿ ಗಾಡಿ ಹಗುರಾಗಿ ಏರುತ್ತದೆ. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ: ಅದೇ ವೇಗಕ್ಕೆ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ತಿರುಗಬೇಕು, ಅವರೇಜ್ ಸ್ವಲ್ಪ ಇಳಿಯಬಹುದು. ಸನ್ನೆಕೋಲಿನ ನಿಯಮವೇ ಇದು. ಬಲ ಗಳಿಸಿದರೆ ದೂರ ಬಿಡಬೇಕು.

ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ಇನ್ನೊಂದು ಒಳ್ಳೆಯ ಆಯ್ಕೆ. ಸವೆಯುವ ಪಾಯಿಂಟ್ ಇಲ್ಲದ್ದರಿಂದ ಕಿಡಿಯ ಹೊತ್ತು ತಪ್ಪುವುದಿಲ್ಲ. ಹೆಡ್ ತೆಗೆಸಿ ಕೆತ್ತಿಸಿ ಒತ್ತಡ ಹೆಚ್ಚಿಸುವುದು ಮಾತ್ರ ಬೇಡ. ಒತ್ತಡದ ಪ್ರಮಾಣ 7ರಿಂದ 8ಕ್ಕೆ ಏರಿಸಿದರೆ ಆದರ್ಶ ಲೆಕ್ಕದಲ್ಲೂ ಲಾಭ ನೂರಕ್ಕೆ ನಾಲ್ಕೈದು. ಗಾಳಿಯಿಂದಲೇ ತಣಿಯುವ ಹಳೆಯ ಎಂಜಿನ್ನಿಗೆ ಬಿಸಿ ಮಾತ್ರ ಹೆಚ್ಚಾದೀತು.

ಅಣ್ಣನ ಹತ್ತು ಸಾವಿರಕ್ಕೆ ಕ್ರಮ

1. ಬ್ರೇಕ್, ಟೈರ್, ದೀಪ.
2. ಎಂಜಿನ್ನಿನ ಸೋರಿಕೆ: ರಿಂಗ್, ಕಾರ್ಬೊರೇಟರ್, ಸೈಲೆನ್ಸರಿನ ಕಾರ್ಬನ್, ಚೈನು.
3. ಎಲೆಕ್ಟ್ರಾನಿಕ್ ಇಗ್ನಿಷನ್.
4. ರೊಕ್ಕ ಉಳಿದರೆ ಒಂದು ಹಲ್ಲು ಕಡಿಮೆ ಇರುವ ಮುಂದಿನ ಸ್ಪ್ರಾಕೆಟ್.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಪ್ರಯೋಗಶಾಲೆಯ ನಿಯಮವೂ ಅದೇ ಅಲ್ಲವೇ? ನಾಲ್ಕು ಬದಲಾವಣೆ ಒಮ್ಮೆಲೇ ಮಾಡಿದರೆ ಯಾವುದರಿಂದ ಲಾಭ, ಯಾವುದರಿಂದ ಹಾನಿ ಎಂದು ತಿಳಿಯುವುದಿಲ್ಲ. ಓಡಿಸುವವನು ಅಣ್ಣ. ನಿಮಗೆ 18 ತುಂಬಿ ಲೈಸೆನ್ಸ್ ಬರುವ ತನಕ ಲೆಕ್ಕ ಮಾಡುವ ಕೆಲಸ ನಿಮ್ಮದು.

ಮಾಡಿ ನೋಡಿ

1. ನಿಮ್ಮ ಸೈಕಲ್ಲಿನ ಮುಂದಿನ, ಹಿಂದಿನ ಚಕ್ರದ ಹಲ್ಲು ಎಣಿಸಿ. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಎಷ್ಟು ಸುತ್ತು ತಿರುಗುತ್ತದೆ? ಯೆಜ್ಡಿಯ ಪ್ರಮಾಣಕ್ಕೆ ಇದು ಉಲ್ಟಾ ಏಕೆ?
2. ಮನೆಯ ಗಾಡಿಯ ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಿಮ್ಮ ಟೈರಿನ ವಯಸ್ಸೆಷ್ಟು? ಅಪ್ಪ ಅಥವಾ ಕಾಕಾನಿಗೆ ತೋರಿಸಿ.
3. ಗಂಟೆಗೆ 90 ಕಿ.ಮೀ. ವೇಗದಲ್ಲಿ ನಿಲ್ಲಲು ಒಟ್ಟು ಎಷ್ಟು ದೂರ ಬೇಕು? (ಉತ್ತರ: 87.5 ಮೀ.)
4. ಮಳೆಯಲ್ಲಿ ತಡೆಯುವ ಬಲ 500 ನ್ಯೂಟನ್ನಿಗೆ ಇಳಿದರೆ 54ರ ವೇಗದವನಿಗೆ ಎಷ್ಟು ದೂರ ಬೇಕು? ಅವನು ಆ ಟ್ರಾಲಿಗೆ ಮೊದಲು ನಿಲ್ಲುತ್ತಾನೆಯೇ? (ಉತ್ತರ: 60 ಮೀ.; ಇಲ್ಲ.)

ನಾಲ್ಕನೆಯ ಲೆಕ್ಕವನ್ನು ಗಾಡಿ ಓಡಿಸುವ ನಿಮ್ಮ ಮನೆಯವರ ಎದುರು ಕೂತು ಬಿಡಿಸಿ.