ಪಿಂಗ್ ಕಮಾಂಡೂ ಒಂದು ಕಂಚಿನ ಪ್ರತಿಮೆಯೂ

ನೆಟ್‌ವರ್ಕ್ಸ್ ಲ್ಯಾಬ್‌ನಲ್ಲಿ ಶುರುವಿನಲ್ಲೇ ಕಲಿಯೋ ಕಮಾಂಡ್ ಪಿಂಗ್. 'ಇದೀಯಾ?' ಅಂತ ಒಂದು ಕಂಪ್ಯೂಟರ್ ಕೇಳುತ್ತೆ, 'ಇದೀನಿ' ಅಂತ ಇನ್ನೊಂದು ಹೇಳುತ್ತೆ. ಸಾವಿರಾರು ಯಂತ್ರಗಳು ಬಿಡುವಿಲ್ಲದೆ ಇದನ್ನೇ ಕೇಳ್ತಾ ಇದ್ದರೆ, ಉತ್ತರ ಕೊಡೋದರಲ್ಲೇ ಸರ್ವರ್ ಸುಸ್ತಾಗುತ್ತೆ. 2007ರಲ್ಲಿ ಎಸ್ಟೋನಿಯಾದ ಮೇಲೆ ಬಿದ್ದ ಪೆಟ್ಟುಗಳಲ್ಲಿ ಇದೂ ಒಂದು.

ರಷ್ಯಾದ ಪಕ್ಕದ ಈ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. 1991ರವರೆಗೆ ಸೋವಿಯತ್ ಒಕ್ಕೂಟದಲ್ಲಿತ್ತು. ರಷ್ಯನ್ ಮಾತಾಡುವವರು ಈಗಲೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ರಾಜಧಾನಿ ಟಾಲಿನ್‌ನ ನಡುವೆ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯೊಂದಿತ್ತು. ಕೆಲವರಿಗೆ ಅದು ನಾಜಿಗಳನ್ನು ಸೋಲಿಸಿದವರ ನೆನಪು, ಉಳಿದವರಿಗೆ ಪರರ ಆಳ್ವಿಕೆಯ ಗುರುತು. ಸರ್ಕಾರ ಅದನ್ನು ಸೇನಾ ಸ್ಮಶಾನಕ್ಕೆ ಸಾಗಿಸಲು ಹೊರಟಾಗ ಏಪ್ರಿಲ್ 26ರ ರಾತ್ರಿ ಗಲಭೆಯಾಯಿತು, ಒಬ್ಬ ಸತ್ತ. ಮರುದಿನದಿಂದ ಸುಮಾರು ಮೂರು ವಾರ ಸರ್ಕಾರ, ಬ್ಯಾಂಕ್, ಪತ್ರಿಕೆಗಳ ವೆಬ್‌ಸೈಟ್‌ಗಳ ಮೇಲೆ ದಾಳಿ. ಪಿಂಗ್ ಸುರಿಸೋದು ಹೇಗೆ ಅನ್ನೋ ಸೂಚನೆಗಳು ರಷ್ಯನ್ ಚರ್ಚಾತಾಣಗಳಲ್ಲಿ ಓಡಾಡುತ್ತಿದ್ದವು, ಜೊತೆಗೆ ಬಾಟ್‌ನೆಟ್‌ಗಳು.

ತಡೆಯೋಕೆ ಬ್ಯಾಂಕುಗಳು, ಪತ್ರಿಕೆಗಳು ವಿದೇಶದಿಂದ ಬರುವ ಟ್ರಾಫಿಕ್ಕನ್ನೇ ಮುಚ್ಚಬೇಕಾಯಿತು. ಸೈಟ್ ಉಳಿಯಿತು, ನಿಜ. ಆದರೆ ಹೊರಗಿನವರಿಗೆ ಸುದ್ದಿ ಸಿಗಲಿಲ್ಲ. ಇದನ್ನು ಗೆಲುವು ಅನ್ನೋದು ಕಷ್ಟ.

ಮಾಡಿದ್ದು ಯಾರು? ರಷ್ಯಾ ಸರ್ಕಾರ ತನ್ನ ಕೈವಾಡ ಇಲ್ಲ ಅಂದಿತು. ಆ ಬಳಿಕ 2008ರಲ್ಲಿ ಶಿಕ್ಷೆಯಾದದ್ದು 20 ವರ್ಷದ ಒಬ್ಬ ವಿದ್ಯಾರ್ಥಿಗೆ, 17,500 ಕ್ರೂನ್ ದಂಡ. ಅವನು ಎಸ್ಟೋನಿಯಾದವನೇ! ಹೈಬ್ರಿಡ್ ಯುದ್ಧ ಅಂದರೆ ಇದೇ: ಹೊಡೆದವರು ಕಾಣಲ್ಲ, ಬಿರುಕು ಮಾತ್ರ ಮೊದಲೇ ಮನೆಯೊಳಗಿರುತ್ತೆ.

ಆಮೇಲೆ ಎಸ್ಟೋನಿಯಾ ಬರೀ ಫೈರ್‌ವಾಲ್ ಕಟ್ಟಿ ಕೂರಲಿಲ್ಲ. ಹಗಲು ಕಂಪನಿಗಳಲ್ಲಿ ದುಡಿಯುವ ಐಟಿಯವರು ಸ್ವಯಂಸೇವಕರಾಗಿ ಸೇರುವ ಸೈಬರ್ ಪಡೆಯೊಂದು ಹುಟ್ಟಿತು. ಸರ್ಕಾರದ ಮುಖ್ಯ ದಾಖಲೆಗಳ ಪ್ರತಿ ಲಕ್ಸೆಂಬರ್ಗ್‌ನ ಸರ್ವರ್‌ಗಳಲ್ಲಿದೆ. ಅವಕ್ಕೆ ರಾಯಭಾರ ಕಚೇರಿಗಿರುವಂಥದ್ದೇ ರಕ್ಷಣೆ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು 2017ರ ಘಟನೆ. ಸುಮಾರು ಏಳೂವರೆ ಲಕ್ಷ ಗುರುತಿನ ಚೀಟಿಗಳ ಚಿಪ್‌ನಲ್ಲಿ ದೋಷವಿದೆ ಅಂತ ಜೆಕ್ ಸಂಶೋಧಕರು ಕಂಡುಹಿಡಿದರು. ಆನ್‌ಲೈನ್ ಮತದಾನಕ್ಕೂ ಅದೇ ಚೀಟಿ ಬೇಕು, ಸ್ಥಳೀಯ ಚುನಾವಣೆಗೆ ಆರು ವಾರವೂ ಉಳಿದಿರಲಿಲ್ಲ. ಮುಚ್ಚಿಡಬಹುದಿತ್ತು. ಸರ್ಕಾರ ಸುದ್ದಿಗೋಷ್ಠಿ ಕರೆದು ತಾನೇ ಹೇಳಿತು. ಅಕ್ಟೋಬರ್‌ನಲ್ಲಿ ಜನ ಎಂದಿನಂತೆ ಆನ್‌ಲೈನಲ್ಲೂ ಮತ ಹಾಕಿದರು.