ಒಂಟಿಯಾಗಿ ಗಾಳ ಹಾಕುವವರಿಗೆ ಆರೋಗ್ಯಪಾಠ

ನಗರದ ಗದ್ದಲದಿಂದ ಬಳಲಿದ ಮನಸ್ಸಿಗೆ ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಏಕಾಂತದಲ್ಲಿ ಕಳೆಯುವ ಒಂದು ದಿನವು ಉತ್ತಮ ವಿಶ್ರಾಂತಿ. 1891ರಲ್ಲಿ ನಿರ್ಮಿತವಾದ ಮುಂಬಯಿಯ ಪೊವಾಯಿ ಕೆರೆಯಲ್ಲಿ ರೋಹು, ಕಾಟ್ಲಾ ಮೀನುಗಳಿವೆ. ಮೊಸಳೆಗಳೂ ಇರುವುದರಿಂದ ನೀರಿಗಿಳಿಯಲಾಗದು.

ದಂಡೆಯ ಮೇಲಿನ ಅಪಾಯವೆಂದರೆ ಗಾಳದ ಮುಳ್ಳು. ಅದಕ್ಕೆ ಹಿಮ್ಮುಖವಾದ ಚಿಕ್ಕ ಮೊನೆಯಿರುವುದರಿಂದ, ಬೆರಳಿಗೆ ನಾಟಿದಾಗ ಹಿಂದಕ್ಕೆಳೆದರೆ ಮಾಂಸ ಹರಿಯುತ್ತದೆ. ಆಗ ದಾರವನ್ನು ಕತ್ತರಿಸಿ, ಗಾಯವನ್ನು ಶುದ್ಧ ನೀರು ಹಾಗೂ ಸಾಬೂನಿನಿಂದ ತೊಳೆದು, ಮುಳ್ಳು ಅಲುಗದಂತೆ ಬಟ್ಟೆ ಸುತ್ತಿ ವೈದ್ಯರಲ್ಲಿಗೆ ಹೋಗತಕ್ಕದ್ದು. ಕಣ್ಣಿಗೆ ನಾಟಿದ್ದರೆ ಮುಟ್ಟದೆ, ಒತ್ತದೆ ಕೂಡಲೇ ಆಸ್ಪತ್ರೆ ಸೇರಬೇಕು. ಧನುರ್ವಾಯುವಿನ ಚುಚ್ಚುಮದ್ದು ಪಡೆದು 5 ವರ್ಷ ಮೀರಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳುವುದು ಅವಶ್ಯ.

ಹೊರಡುವ ಮುನ್ನ ಹೋಗುವ ಸ್ಥಳವನ್ನೂ ಮರಳುವ ವೇಳೆಯನ್ನೂ ಮನೆಯವರಿಗೆ ತಿಳಿಸಿರಬೇಕು. ಕತ್ತಲಾದರೂ ಬಾರದವನನ್ನು ಹುಡುಕಿ ಹೊರಡುವವರಿಗೆ ಅದೇ ಆಧಾರ.